ಚಿಕಾಗೋ ನಗರಕ್ಕೆ ಬೆಂಕಿ ಬೀಳದಿದ್ದರೆ 1871ರ ಬೇಸ್‌ಬಾಲ್ ಪ್ರಶಸ್ತಿ ಯಾರದಾಗುತ್ತಿತ್ತು? ಇದನ್ನು ಕಂಪ್ಯೂಟರ್ ಸಿಮ್ಯುಲೇಷನ್‌ನಿಂದ ತಿಳಿಯಬಹುದೇ?

ಖಚಿತವಾಗಿ ತಿಳಿಯಲಾಗದು, ಸಂಭಾವ್ಯತೆಯನ್ನು ಮಾತ್ರ ಅಂದಾಜಿಸಬಹುದು. ಅಮೆರಿಕದ ಮೊದಲ ವೃತ್ತಿಪರ ಲೀಗ್ ಆದ ನ್ಯಾಷನಲ್ ಅಸೋಸಿಯೇಷನ್‌ನ ಆ ಚೊಚ್ಚಲ ಋತುವಿನಲ್ಲಿ ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಚಿಕಾಗೋ ವೈಟ್ ಸ್ಟಾಕಿಂಗ್ಸ್, ಅಕ್ಟೋಬರ್ ತಿಂಗಳ ಬೆಂಕಿಯಲ್ಲಿ ಮೈದಾನವನ್ನೂ ಸಮವಸ್ತ್ರಗಳನ್ನೂ ಕಳೆದುಕೊಂಡು, ಉಳಿದ ಪಂದ್ಯಗಳನ್ನು ಹೊರ ಊರುಗಳಲ್ಲಿ ಎರವಲು ಉಡುಪು ತೊಟ್ಟು ಆಡಿ, ಅಕ್ಟೋಬರ್ 30ರಂದು ಬ್ರೂಕ್ಲಿನ್‌ನಲ್ಲಿ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ಎದುರು 4-1ರಿಂದ ಸೋತಿತು. ಪ್ರಶಸ್ತಿ ಅಥ್ಲೆಟಿಕ್ಸ್ ಪಾಲಾಯಿತು.

ಸಿಮ್ಯುಲೇಷನ್‌ಗೆ ಇಂದಿನ ಆಟದ ಅನುಪಾತಗಳನ್ನು (ರನ್, ತಪ್ಪು ಇತ್ಯಾದಿಗಳ ಪ್ರಮಾಣ) ಕೊಟ್ಟರೆ ಫಲಿತಾಂಶ ಹಳಿ ತಪ್ಪುತ್ತದೆ. ಆಗ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) 45 ಅಡಿ ದೂರದಿಂದ ಕೈಯನ್ನು ಕೆಳಗಿನಿಂದಲೇ ಬೀಸಿ ಚೆಂಡೆಸೆಯಬೇಕಿತ್ತು. ಚೆಂಡು ಎತ್ತರದಲ್ಲಿ ಬರಬೇಕೋ ತಗ್ಗಿನಲ್ಲಿ ಬರಬೇಕೋ ಎಂದು ಬ್ಯಾಟರ್ ಕೇಳಬಹುದಿತ್ತು. ಫೀಲ್ಡರ್‌ಗಳು ಬರಿಗೈಯಲ್ಲಿ ಹಿಡಿಯುತ್ತಿದ್ದರಿಂದ ತಪ್ಪುಗಳೂ ರನ್‌ಗಳೂ ಹೇರಳವಾಗಿದ್ದವು. ತಂಡವೊಂದಕ್ಕೆ ಸುಮಾರು 30 ಪಂದ್ಯಗಳಷ್ಟೇ ಇದ್ದುದರಿಂದ ಅದೃಷ್ಟದ ಪಾತ್ರ ದೊಡ್ಡದು. ಆದ್ದರಿಂದ ಅದೇ ಋತುವನ್ನು ಸಾವಿರಾರು ಬಾರಿ ಆಡಿಸಿ ನೋಡುವುದು ಅಗತ್ಯ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ವದ ಪ್ರಶ್ನೆ ಬೆಂಕಿಯ ನಂತರದ್ದು. ಚಿಕಾಗೋ 1872 ಮತ್ತು 1873ರಲ್ಲಿ ಲೀಗ್‌ನಲ್ಲಿ ಆಡಲೇ ಇಲ್ಲ. ಬಾಸ್ಟನ್ 1872ರಿಂದ 1875ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದಿತು. ಹಾಗಾಗಿ ಈ ಪರ್ಯಾಯ ಇತಿಹಾಸವನ್ನು ಒಂದೇ ಋತುವಿಗೆ ನಿಲ್ಲಿಸದೆ 1875ರವರೆಗೂ ಮುಂದುವರಿಸಿ.