ರೇಟ್ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ಮೇಡಂ

ಇದು ನನ್ನ ಹತ್ರ ಕೌನ್ಸೆಲಿಂಗಿಗೆ ಬಂದವರೊಬ್ಬರ ಕಥೆ. ಗುರುತು ಸಿಗುವಂಥ ವಿವರ ಎಲ್ಲ ಬದಲಾಯಿಸಿದ್ದೇನೆ, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ.

ಉಡುಪಿ ಕಡೆಯ ಮದುವೆ ಫೋಟೋಗ್ರಾಫರ್ ಒಬ್ಬರು ಆಟಿ ತಿಂಗಳಲ್ಲಿ ಹೆಂಡತಿ ಜೊತೆ ಬಂದ್ರು. ಆಟಿಯಲ್ಲಿ ಮದುವೆ ಇಲ್ಲ ಅಲ್ವಾ, ಅವರಿಗೆ ಪುರುಸೊತ್ತು ಸಿಗುದೇ ಆಗ. ನಿದ್ದೆ ಮಾಡುದಿಲ್ಲ, ಮಕ್ಕಳ ಮೇಲೆ ರೇಗ್ತಾರೆ ಅಂತ ಹೆಂಡತಿಯೇ ಹೇಳಿದ್ದು. ಇವರು ಮೊಬೈಲನ್ನ ಮೇಜಿನ ಮೇಲೆ ಕವುಚಿ ಇಟ್ಟು ಸುಮ್ಮನೆ ಕೂತಿದ್ರು, ಅದು ಗುರ್ ಅಂದಾಗೆಲ್ಲ ಹೆಗಲು ಬಿಗಿಯಾಗ್ತಿತ್ತು. ಎಂತ ಮೆಸೇಜ್ ಅಂತ ಕೇಳಿದೆ, ತಿರುಗಿಸಿ ತೋರಿಸಿದ್ರು: "ಅಣ್ಣಾ ರೇಟ್ ಎಷ್ಟು?" ಅಷ್ಟೇ. ತಾರೀಕಿಲ್ಲ, ಹಾಲ್ ಯಾವುದು ಅಂತಿಲ್ಲ.

ವೆಬ್‌ಸೈಟಿನಲ್ಲಿ ಫೋಟೋಗಳೆಲ್ಲ ಚೆಂದ ಉಂಟು, ರೇಟ್ ಮಾತ್ರ ಎಲ್ಲೂ ಇಲ್ಲ. ಹಾಕಿದ್ರೆ ಪಕ್ಕದವ ಐದು ಸಾವಿರ ಕಮ್ಮಿ ಹೇಳ್ತಾನೆ, ನೋಡಿದವರು ಹಾಗೇ ಹೋಗ್ತಾರೆ ಅಂತ ಹೆದರಿಕೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಹೇಳ್ತಿದ್ರು, ಗಲ್ಫಿನವರಿಗೆ ಸ್ವಲ್ಪ ಜಾಸ್ತಿ, ಪರಿಚಯದವರಿಗೆ ಕಮ್ಮಿ, ಸಂಬಂಧಿಕರಿಗೆ ಹೇಳ್ಲಿಕ್ಕೇ ಆಗದೆ "ನಿಮಗೆ ತೋರಿದ್ದು ಕೊಡಿ". ಆಮೇಲೆ ಒಂದು ರಿಸೆಪ್ಷನ್‌ನಲ್ಲಿ ಇವರ ಇಬ್ಬರು ಹಳೇ ಗಿರಾಕಿಗಳು ಊಟಕ್ಕೆ ಒಟ್ಟಿಗೆ ಕೂತು ರೇಟ್ ಹೋಲಿಸಿದ್ದಾರೆ, ಹದಿನೈದು ಸಾವಿರ ವ್ಯತ್ಯಾಸ, ಅದೂ ಒಂದೇ ತರದ ಆಲ್ಬಮ್‌ಗೆ. ಅಲ್ಲಿಂದ ನಿದ್ದೆ ಹೋಗಿದ್ದು.

ನಾನು ವ್ಯಾಪಾರದ ಪಾಠ ಹೇಳುವವಳಲ್ಲ. ಆದ್ರೆ ಇವರ ಕಷ್ಟ ಇದ್ದದ್ದು ರೇಟಿನಲ್ಲಿ ಅಲ್ಲ, ಅದನ್ನ ಪ್ರತಿ ಸಲ ಎದುರು ನಿಂತು ಬಾಯಿಬಿಟ್ಟು ಹೇಳುದರಲ್ಲಿ. ತಂದೆ ಸ್ಟುಡಿಯೋ ಇಟ್ಟವರು, ದುಡ್ಡು ಕೇಳಿ ಪಡೆದವರೇ ಅಲ್ವಂತೆ. ಕೇಳುದು ಅಂದ್ರೆ ಸಣ್ಣವ ಆಗುದು ಅಂತ ಇವರ ಮನಸ್ಸಲ್ಲಿ ಕೂತುಬಿಟ್ಟಿದೆ.

ಮೊದಲು ಒಂದು ಮದುವೆಯ ಖರ್ಚು ಪೂರ್ತಿ ಕಾಗದದಲ್ಲಿ ಬರೆಸಿದೆ, ಎರಡನೇ ಕ್ಯಾಮೆರಾದವನ ಸಂಬಳ, ಡ್ರೋನ್, ಆಲ್ಬಮ್ ಪ್ರಿಂಟ್, ಎಡಿಟಿಂಗಿಗೆ ರಾತ್ರಿ ಕೂತದ್ದು. ಎಡಿಟಿಂಗ್ ಹತ್ರ ಪೆನ್ನು ನಿಂತಿತು, ಅದಕ್ಕೆ ಇಷ್ಟು ವರ್ಷ ಒಂದು ರೂಪಾಯಿ ಲೆಕ್ಕ ಹಾಕಿರ್ಲಿಲ್ಲ ಅವರು.

ನಾನು ಕೊಟ್ಟ ಸಲಹೆ, ರೇಟ್ ಹಾಕಿ, ಆದ್ರೆ ಒಂದೇ ಅಂಕೆ ಬೇಡ. ಬೆಳಿಗ್ಗೆ ಮುಹೂರ್ತ ಮಾತ್ರದ ಮದುವೆ ಬೇರೆ, ಹಿಂದಿನ ದಿನ ರೋಸ್ (ನಮ್ಮ ಕಡೆ ಕ್ರಿಶ್ಚಿಯನ್ನರ ಮದುವೆಯಲ್ಲಿ ತೆಂಗಿನಹಾಲು ಹಚ್ಚುವ ಶಾಸ್ತ್ರ), ಮರುದಿನ ಚರ್ಚ್, ಸಂಜೆ ರಿಸೆಪ್ಷನ್ ಇರುವ ಮದುವೆ ಬೇರೆ. "ಇಷ್ಟರಿಂದ ಶುರು" ಅಂತ ಬರೆದು, ಅದರಲ್ಲಿ ಎಷ್ಟು ಗಂಟೆ, ಎಷ್ಟು ಜನ, ಆಲ್ಬಮ್ ಸೇರಿದೆಯಾ ಅನ್ನುದನ್ನ ಅಲ್ಲೇ ಹೇಳಿ. ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕಾಗ್ತದೆ, ಫೋಟೋಗ್ರಫಿಗೆ 18 ಪರ್ಸೆಂಟ್, ಅದು ಸೇರಿದ್ದೋ ಬೇರೆಯೋ ಅಂತಲೂ ಬರೀಬೇಕು, ಕೊನೆಗೆ ಬಿಲ್ ಕೊಡುವಾಗ ಮತ್ತೆ ಜಗಳ ಬೇಡ. ಹೋಟೆಲ್, ಜಾಹೀರಾತಿನ ಕೆಲಸಕ್ಕೆ ಮಾತ್ರ ರೇಟ್ ಹಾಕ್ಲಿಕ್ಕೆ ಹೋಗ್ಬೇಡಿ ಅಂದೆ, ಅಲ್ಲಿ ಫೋಟೋ ಎಲ್ಲೆಲ್ಲಿ, ಎಷ್ಟು ಕಾಲ ಬಳಸ್ತಾರೆ ಅನ್ನುದರ ಮೇಲೆ ದುಡ್ಡು.

"ರೇಟ್ ನೋಡಿ ಹೋಗುವವರು?" ಅಂತ ಕೇಳಿದ್ರು. ಅವರು ಹೇಗೂ ಇಪ್ಪತ್ತು ಮೆಸೇಜ್ ಆದ್ಮೇಲೆ ಹೋಗುವವರೇ, ನಿಮ್ಮ ರಾತ್ರಿಯನ್ನಾದ್ರೂ ಬಿಟ್ಟು ಹೋಗ್ಲಿ ಅಂದೆ. ಹೆಂಡತಿಗೆ ಕಣ್ಣು ತುಂಬಿತು.

ಸಂಬಂಧಿಕರಿಗೆ ರಿಯಾಯಿತಿ ಕೊಡ್ಬೇಡಿ ಅಂತ ನಾನು ಹೇಳ್ಲಿಲ್ಲ, ಊರಲ್ಲಿ ಬದುಕ್ಬೇಕಲ್ಲ. ಬರೆದ ರೇಟನ್ನ ಮೊದಲು ತೋರಿಸಿ, ಆಮೇಲೆ "ನಿಮಗೆ ಇಷ್ಟು ಬಿಡ್ತೇನೆ" ಅನ್ನಿ, ಬಿಟ್ಟದ್ದು ಎಷ್ಟು ಅಂತ ಅವರಿಗೆ ಗೊತ್ತಿರ್ಲಿ. ಈ ಮಾತನ್ನ ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ನೆಲ ನೋಡಿ ಹೇಳಿದ್ರು.

ದೀಪಾವಳಿ ಕಳೆದು ಮತ್ತೆ ಬಂದ್ರು. ಮೆಸೇಜ್ ಕಮ್ಮಿ ಆಗಿದೆಯಂತೆ, ಬರುವವರು ಈಗ ತಾರೀಕು, ಹಾಲ್ ಹೆಸರು ಹಾಕಿಯೇ ಕೇಳ್ತಾರಂತೆ. ಒಂದು ಬುಕಿಂಗ್ ತಪ್ಪಿತು ಅಂತಲೂ ಹೇಳಿದ್ರು, ಆ ದಿನ ನಿದ್ದೆ ಬರ್ಲಿಲ್ಲ, ಮರುದಿನ ಬಂತು. ಸೋದರಮಾವನ ಮಗಳ ಮದುವೆ ಮೇ ತಿಂಗಳಲ್ಲಿ ಉಂಟು. ಮಾವನಿಗೆ ಇನ್ನೂ ರೇಟ್ ಹೇಳಿಲ್ಲ, ಅದಕ್ಕೆ ಮುಂದಿನ ವಾರ ಮತ್ತೆ ಕೂರ್ತೇವೆ.