ಸೋನಾ ಮಸೂರಿಯಲ್ಲಿ ಬಿಕೊ ಆಗುತ್ತದೆಯೇ? ಅಕ್ಕಿಯ ನಡು ಗಟ್ಟಿ ಉಳಿಯುವುದೇಕೆ?

ಅಕ್ಕಿ, ಕಾಯಿಹಾಲು, ಕಂದು ಸಕ್ಕರೆಯಿಂದ ಮಾಡಿ ತುಂಡು ಕತ್ತರಿಸಿ ತಿನ್ನುವ ಫಿಲಿಪ್ಪೀನ್ಸಿನ ಸಿಹಿ ತಿನಿಸು ಬಿಕೊವನ್ನು ಸೋನಾ ಮಸೂರಿಯಲ್ಲಿ ಮಾಡಬಹುದೇ, ಬೆಲ್ಲ ಹಾಕಿದ ಮೇಲೆ ಎಷ್ಟು ಬೇಯಿಸಿದರೂ ಅಕ್ಕಿಯ ನಡು ಗಟ್ಟಿಯಾಗಿಯೇ ಉಳಿಯುವುದೇಕೆ, ಮೇಲೆ ಉದುರಿಸುವ ಕಂದು ಹರಳುಗಳು ಯಾವುವು ಎಂದು ಕೇಳಿದ್ದೀರಿ. ದುಬೈನಲ್ಲಿ ನಮ್ಮ ನೆರೆಮನೆಯವರು ಬಟಾಂಗಾಸ್ ಪ್ರಾಂತ್ಯದವರು. ಅವರ ಕಡೆ ಇದನ್ನೇ ಸಿನುಕ್ಮಾನಿ ಎನ್ನುತ್ತಾರೆ. ಅವರ ಅಡುಗೆಮನೆಯಲ್ಲಿ ನಿಂತು ಕಲಿತದ್ದನ್ನು ಬರೆಯುತ್ತಿದ್ದೇನೆ.

ಸೋನಾ ಮಸೂರಿ ಆಗುವುದಿಲ್ಲ. ಅದರಲ್ಲಿ ಮಾಡಿದರೆ ಕಾಯಿಹಾಲಿನ ಸಿಹಿ ಅನ್ನವಾಗುತ್ತದೆ, ರುಚಿಯಾಗಿಯೂ ಇರುತ್ತದೆ, ಆದರೆ ಚಾಕುವಿನಿಂದ ಕತ್ತರಿಸಿ ಎತ್ತಿದರೆ ತುಂಡಾಗಿ ನಿಲ್ಲುವುದಿಲ್ಲ. ಬಿಕೊಗೆ ಬೇಕಾದದ್ದು ಅಲ್ಲಿನವರು ಮಲಗ್ಕಿಟ್ ಎನ್ನುವ ಅಂಟಕ್ಕಿ. ಅಂಟಕ್ಕಿಯ ಪಿಷ್ಟ ಬಹುಪಾಲು ಅಮೈಲೋಪೆಕ್ಟಿನ್ ಆಗಿದ್ದು, ಅನ್ನವನ್ನು ಬಿಡಿಬಿಡಿಯಾಗಿಸುವ ಅಮೈಲೋಸ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಬೆಂದ ಮೇಲೆ ಅಗುಳುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಥಾಯ್ ಅಂಟಕ್ಕಿಯನ್ನಾಗಲಿ, ಅಸ್ಸಾಮಿನ ಬೋರಾ ಅಕ್ಕಿಯನ್ನಾಗಲಿ ಧಾರಾಳವಾಗಿ ಬಳಸಬಹುದು. ಇದರ ಹಸಿ ಕಾಳು ಸುಣ್ಣದಂತೆ ಅಚ್ಚ ಬಿಳುಪಾಗಿರುತ್ತದೆ, ಮಾಮೂಲಿ ಅಕ್ಕಿಯ ಅರೆಪಾರದರ್ಶಕತೆ ಅದಕ್ಕಿರುವುದಿಲ್ಲ.

ಅಕ್ಕಿಯ ನಡು ಗಟ್ಟಿ ಉಳಿಯುವುದಕ್ಕೆ ಕಾರಣ ಬೆಲ್ಲವೇ. ಸಕ್ಕರೆಯ ಅಂಶ ನೀರನ್ನು ತನ್ನ ಕಡೆ ಹಿಡಿದಿಟ್ಟುಕೊಳ್ಳುವುದರಿಂದ ಪಿಷ್ಟ ಉಬ್ಬಿ ಬೇಯಲು ಹೆಚ್ಚು ಶಾಖ ಬೇಕಾಗುತ್ತದೆ, ಆದ್ದರಿಂದ ಅರೆಬೆಂದ ಅಕ್ಕಿ ಪಾಕದಲ್ಲಿ ಬಿದ್ದ ಮೇಲೆ ಮತ್ತೆ ಮೆತ್ತಗಾಗುವುದು ಕಷ್ಟ. ಎರಡು ಕಪ್ ಅಕ್ಕಿಯನ್ನು ಒಂದು ಗಂಟೆ ನೆನೆಸಿ, ಬಸಿದು, ಎರಡು ಕಪ್ ನೀರು ಮತ್ತು ಚಿಟಿಕೆ ಉಪ್ಪಿನೊಂದಿಗೆ ಪೂರ್ತಿ ಬೇಯಿಸಿಕೊಳ್ಳಿ. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ, ನಡುವೆ ಬಿಳಿಯ ಚುಕ್ಕೆ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ.

ನೀವು ಕೇಳಿದ ಕಂದು ಹರಳುಗಳೇ ಲಾಟಿಕ್, ನನ್ನ ಮಟ್ಟಿಗೆ ಬಿಕೊದ ಅರ್ಧ ರುಚಿ ಅದರಲ್ಲೇ ಇದೆ. ಎರಡು ಕಪ್ ಗಟ್ಟಿ ಕಾಯಿಹಾಲನ್ನು, ಅಂದರೆ ನೀರು ಬೆರೆಸದೆ ಹಿಂಡಿದ ಮೊದಲ ಹಾಲನ್ನು, ದಪ್ಪ ತಳದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕುದಿಯಲು ಬಿಡಿ. ಮೊದಲು ದೊಡ್ಡ ಗುಳ್ಳೆಗಳೇಳುತ್ತವೆ, ನೀರು ಆರಿದಂತೆ ಹಾಲು ಗಂಜಿಯ ಹದಕ್ಕೆ ಬರುತ್ತದೆ, ಬಳಿಕ ಒಮ್ಮೆಲೇ ಒಡೆದು ಎಣ್ಣೆ ಬೇರೆ, ಬಿಳಿಯ ಗಸಿ ಬೇರೆ ಆಗುತ್ತದೆ. ಇಲ್ಲಿಂದ ಮುಂದೆ ಸೌಟು ನಿಲ್ಲಿಸಬಾರದು, ನಿಲ್ಲಿಸಿದರೆ ಗಸಿ ತಳ ಹಿಡಿಯುತ್ತದೆ. ಗಸಿ ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆಯೇ ಸೋಸಿಬಿಡಿ. ಪೂರ್ತಿ ಕಂದಾಗುವವರೆಗೆ ಕಾದರೆ ಬಿಸಿ ಎಣ್ಣೆಯಲ್ಲೇ ಇನ್ನಷ್ಟು ಹುರಿದು ಕಹಿಯಾಗುತ್ತದೆ. ಡಬ್ಬಿಯ ಹಾಲಾದರೆ ಮೇಲಿನ ಚೀಟಿ ಓದಿ ಕೊಳ್ಳಿ, ಏಕೆಂದರೆ ಹಾಲು ಒಡೆಯದಿರಲೆಂದು ಪದಾರ್ಥಗಳನ್ನು ಬೆರೆಸಿದ್ದರೆ ಎಣ್ಣೆ ಬಿಡಿಸಲು ಹರಸಾಹಸವೇ ಆಗುತ್ತದೆ. ಸೋಸಿದ ಎಣ್ಣೆಯನ್ನು ಚೆಲ್ಲದೆ, ಉರಿಯ ಮೇಲೆ ಬಾಡಿಸಿದ ಬಾಳೆಎಲೆಗೆ ಸವರಿ ತಟ್ಟೆಗೆ ಹಾಸಿಕೊಳ್ಳಿ.

ಇನ್ನು ಪಾಕ. ಬೇರೆ ಎರಡು ಕಪ್ ಕಾಯಿಹಾಲಿಗೆ ಒಂದೂವರೆ ಕಪ್ ಕಂದು ಸಕ್ಕರೆ ಸೇರಿಸಿ, ಸೌಟಿನ ಹಿಂಬದಿಗೆ ಅಂಟುವಷ್ಟು ಮಂದವಾಗುವವರೆಗೆ ಕುದಿಸಬೇಕು. ನಮ್ಮ ಕಪ್ಪು ಬೆಲ್ಲವೂ ಚೆನ್ನಾಗಿ ಹೊಂದುತ್ತದೆ, ಕರಗಿಸಿ ಕಲ್ಲು ಮಣ್ಣು ಸೋಸಿಕೊಂಡರಾಯಿತು. ಏಲಕ್ಕಿ ಹಾಕುವ ನಮ್ಮ ಚಾಳಿಯನ್ನು ಇಲ್ಲಿ ಬಿಡುವುದು ಒಳ್ಳೆಯದು, ಕಾಯಿಹಾಲಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ಬೇಕಿದ್ದರೆ ಅಕ್ಕಿ ಬೇಯುವಾಗ ಪಂಡಾನ್ ಎಂಬ ಸುವಾಸನೆಯ ಎಲೆಯೊಂದನ್ನು ಗಂಟು ಕಟ್ಟಿ ಹಾಕಬಹುದು. ಪಾಕಕ್ಕೆ ಅನ್ನ ಸುರಿದು, ಸಣ್ಣ ಉರಿಯಲ್ಲಿ ತಳ ಬಿಟ್ಟು ಬರುವವರೆಗೆ ಮಗುಚಿ, ಎಲೆಯ ಮೇಲೆ ಹರಡಿ, ಲಾಟಿಕ್ ಉದುರಿಸಿ. ಓವನ್ ಬೇಡವೇ ಬೇಡ. ಮೇಲೆ ಕಾಯಿಹಾಲಿನ ಪಾಕ ಸುರಿದು ಓವನ್ನಿನಲ್ಲಿಡುವುದು ಬಿಬಿಂಗ್ಕಾಂಗ್ ಮಲಗ್ಕಿಟ್ ಎಂಬ ಬೇರೆಯೇ ತಿನಿಸು.

ಪೂರ್ತಿ ಆರಿದ ಮೇಲಷ್ಟೇ, ಎಣ್ಣೆ ಸವರಿದ ಚಾಕುವಿನಿಂದ ಕತ್ತರಿಸಿ. ಕಾಯಿಹಾಲಿನ ಪದಾರ್ಥವಾದ್ದರಿಂದ ಸೆಕೆಯಲ್ಲಿ ಬೇಗ ಹಳಸುತ್ತದೆ, ಅದೇ ದಿನ ಮುಗಿಸುವುದು ಲೇಸು. ಉಳಿದದ್ದು ಫ್ರಿಜ್ಜಿನಲ್ಲಿ ಗಟ್ಟಿಯಾದರೆ ಕೆಲವು ನಿಮಿಷ ಹಬೆಯಲ್ಲಿಡಿ, ಮತ್ತೆ ಮೆತ್ತಗಾಗುತ್ತದೆ.