ಎಂಜಿನ್ ಬದಲಿಸಿದ ಹಳೆಯ ಜೀಪಿಗೆ ಟರ್ಬೊ ಕೂರಿಸಬಹುದೇ?

ಕೂರಿಸಬಹುದು, ಆದರೆ ಮೊದಲು ಎಂಜಿನ್ನಿನ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗ ಹುಟ್ಟುವ ಒತ್ತಡ) ಪರೀಕ್ಷಿಸಿ. ಪೆಟ್ರೋಲ್ ಎಂಜಿನ್ ತೆಗೆದು ಹಾಕಿಸಿದ ಹಳೆಯ ಡೀಸೆಲ್ ಎಂಜಿನ್ ಮಡಿಕೇರಿ ಬಳಿಯ ಮಾಂದಲಪಟ್ಟಿಯ ಏರಿನಲ್ಲಿ ಏದುಸಿರು ಬಿಡುತ್ತದೆ ಎಂದಿದ್ದೀರಿ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಟರ್ಬೊ ಎಂಜಿನ್ನನ್ನು ಬೇಗ ಮುಗಿಸುತ್ತದೆ, ಅಷ್ಟೆ.

ಎತ್ತರವೂ ಒಂದು ಕಾರಣ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ 12ರಷ್ಟು ಕಡಿಮೆ. ಹೊರಹೋಗುವ ಬಿಸಿ ಹೊಗೆಯಿಂದ ತಿರುಗುವ ಟರ್ಬೊ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿ ಆ ಕೊರತೆ ನೀಗಿಸುತ್ತದೆ.

ದೊಡ್ಡ ಟರ್ಬೊ ಬೇಡ. ಅದು ಒತ್ತಡ ಕಟ್ಟುವಷ್ಟರಲ್ಲಿ ತೋಟದ ತಿರುವೇ ಮುಗಿದಿರುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಕೊಡುವ ಚಿಕ್ಕದನ್ನು ಹುಡುಕಿ, ಒತ್ತಡವನ್ನು ಅರ್ಧ ಬಾರ್ ಒಳಗಿಡಿ. ಟರ್ಬೊಗೆಂದು ವಿನ್ಯಾಸಗೊಳ್ಳದ ಪಿಸ್ಟನ್, ಹೆಡ್ ಗ್ಯಾಸ್ಕೆಟ್‌ಗಳು ಹೆಚ್ಚಿನದನ್ನು ತಾಳುವುದು ಕಷ್ಟ. ಕಪ್ಪು ಹೊಗೆ ಉಗುಳುವಷ್ಟು ಇಂಧನ ಹರಿಯುವಂತೆ ಡೀಸೆಲ್ ಪಂಪನ್ನು ತಿರುಗಿಸುವವರಿದ್ದಾರೆ. ಅದು ಶಕ್ತಿಯಲ್ಲ, ಉರಿಯದ ಇಂಧನ. ಪಿಸ್ಟನ್ ಕರಗುವುದೂ ಹಾಗೆಯೇ. ಹೊಗೆಯ ತಾಪ ತೋರಿಸುವ ಮೀಟರನ್ನು, ಹೊಗೆ ಟರ್ಬೊ ಸೇರುವ ಮೊದಲಿನ ಜಾಗದಲ್ಲೇ ತಾಪ ಅಳೆಯುವಂತೆ ಜೋಡಿಸಿ. ಟರ್ಬೊದಿಂದ ಮರಳುವ ಆಯಿಲ್ ಪೈಪು ದಪ್ಪವಾಗಿರಬೇಕು, ಎಲ್ಲಿಯೂ ಮೇಲೇರದೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯಬೇಕು. ಇಲ್ಲವಾದರೆ ಸೀಲು ದಾಟಿ ಆಯಿಲ್ ಸೋರುತ್ತದೆ.

ರೇಡಿಯೇಟರ್, ಕ್ಲಚ್ ಸರಿಯಿರಲಿ. ಬ್ರೇಕ್‌ಗಳಿಗೆ ಟರ್ಬೊಗಿಂತ ಮೊದಲು ಹಣ ಹಾಕಿ. ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿಲ್ಲದಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂತಹ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.